ಸಾವಿನ ಕಾಗದದಲ್ಲಿ ಹುಟ್ಟೂರಿನ ಹುಡುಕಾಟ

ವಲಸೆ ಹೋದವರ ವಂಶಾವಳಿ ಹುಡುಕಲು ಕೂತವರಿಗೆ ಮೊದಲೇ ಒಂದು ತೊಡಕು ಎದುರಾಗುತ್ತದೆ. ಮುತ್ತಜ್ಜ ಹುಟ್ಟಿದ್ದು ಒಂದು ದೇಶದಲ್ಲಿ, ಮಣ್ಣಾದದ್ದು ಇನ್ನೊಂದರಲ್ಲಿ. ಹುಟ್ಟಿನ ದಾಖಲೆ ಯಾವ ಹಳ್ಳಿಯ ಯಾವ ಚರ್ಚಿನ ಪುಸ್ತಕದಲ್ಲಿದೆಯೋ ಮರಿಮಕ್ಕಳಿಗೆ ತಿಳಿಯದು. ಆ ಹಳ್ಳಿಯ ಹೆಸರೇ ಮನೆಮಂದಿಯ ಬಾಯಲ್ಲಿ ಉಳಿದಿರುವುದಿಲ್ಲ. ಆದರೆ ಅವರು ತೀರಿಕೊಂಡದ್ದು ಎಲ್ಲಿ, ಹೆಚ್ಚುಕಡಿಮೆ ಯಾವ ವರ್ಷ ಎಂಬುದು ಗೊತ್ತಿರುತ್ತದೆ. ಆದ್ದರಿಂದ ವಂಶಾವಳಿ ಬಲ್ಲವರು ಕೊಡುವ ಮೊದಲ ಸಲಹೆ ಒಂದೇ: ಸಾವಿನಿಂದ ಶುರುಮಾಡಿ, ಹಿಂದಕ್ಕೆ ನಡೆಯಿರಿ.

ಈ ಹಾದಿ ಅತ್ಯಂತ ಸ್ಪಷ್ಟವಾಗಿ ಕಾಣುವುದು ಅಮೆರಿಕದಲ್ಲಿ. 1892ರಿಂದ 1954ರವರೆಗೆ ನ್ಯೂಯಾರ್ಕಿನ ಎಲ್ಲಿಸ್ ಐಲೆಂಡ್ ಒಂದರ ಮೂಲಕವೇ 1.2 ಕೋಟಿಗೂ ಹೆಚ್ಚು ಜನ ಆ ದೇಶದೊಳಕ್ಕೆ ಕಾಲಿಟ್ಟರು. ಅವರಲ್ಲಿ ಬಹುಪಾಲು ಮಂದಿ ಪತ್ರ, ದಿನಚರಿ, ಆತ್ಮಕಥೆ ಏನನ್ನೂ ಬಿಟ್ಟುಹೋಗಿಲ್ಲ. ಬಂದಾಗ ಹಡಗಿನ ಪಟ್ಟಿಯಲ್ಲಿ ಒಂದು ಸಾಲು, ಹೋದಾಗ ಮರಣ ಪ್ರಮಾಣಪತ್ರದ ಒಂದು ಹಾಳೆ, ನಡುವೆ ಒಂದೆರಡು ಜನಗಣತಿ. ಆ ಕೊನೆಯ ಹಾಳೆ ಈಗ ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಅಂತರ್ಜಾಲಕ್ಕೆ ಬಂದಿದೆ. ಅದನ್ನು ನೆಚ್ಚಿಕೊಂಡು ಒಂದು ಕುಟುಂಬ ತನ್ನ ಮೂಲದ ತನಕ ಹೋಗಬಹುದೇ ಎಂಬುದು ಈ ಸಮೀಕ್ಷೆಯ ಪ್ರಶ್ನೆ. ಹೋಗಬಹುದು ಎಂದೇ ನನ್ನ ಉತ್ತರ. ಆದರೆ ದಾಖಲೆಯ ಪ್ರತಿ ಸಾಲಿಗೂ ‘ಇದನ್ನು ಹೇಳಿದವರು ಯಾರು?’ ಎಂದು ಕೇಳುತ್ತ ಓದಿದರೆ ಮಾತ್ರ.

ಒಂದು ಹಾಳೆ, ಮೂವರು ಸಾಕ್ಷಿಗಳು

1910ರ ಸುಮಾರಿನ ಪೆನ್ಸಿಲ್ವೇನಿಯಾ ರಾಜ್ಯದ ಮರಣ ಪ್ರಮಾಣಪತ್ರವೊಂದನ್ನು ಪರದೆಯ ಮೇಲೆ ತೆರೆದು ನೋಡೋಣ. ಹಾಳೆಯ ಒಂದು ಬದಿಯಲ್ಲಿ ಸತ್ತವರ ವೈಯಕ್ತಿಕ ವಿವರ: ಹೆಸರು, ಲಿಂಗ, ಬಣ್ಣ ಅಥವಾ ಜನಾಂಗ, ಮದುವೆಯಾಗಿತ್ತೇ, ಹುಟ್ಟಿದ ದಿನ, ವಯಸ್ಸು, ಕಸುಬು, ಹುಟ್ಟಿದ ಸ್ಥಳ, ತಂದೆಯ ಹೆಸರು, ಅವರ ಹುಟ್ಟಿದ ಸ್ಥಳ, ತಾಯಿಯ ತವರಿನ ಹೆಸರು, ಅವರ ಹುಟ್ಟಿದ ಸ್ಥಳ. ಇನ್ನೊಂದು ಬದಿಯಲ್ಲಿ ವೈದ್ಯರ ಹೇಳಿಕೆ: ಸತ್ತ ದಿನ, ಸಾವಿಗೆ ಕಾರಣ, ಜೊತೆಗೂಡಿದ ಇತರ ಕಾಯಿಲೆ. ಕೆಳಗಡೆ ಹೂಳಿದ ಜಾಗ, ದಿನಾಂಕ, ಅಂತ್ಯಸಂಸ್ಕಾರ ನಡೆಸಿಕೊಟ್ಟವರ ಹೆಸರು.

ನೋಡಲು ಒಂದೇ ದಾಖಲೆಯಾದರೂ ಇಲ್ಲಿ ಮಾತಾಡುತ್ತಿರುವವರು ಮೂವರು. ಸಾವಿನ ದಿನ ಮತ್ತು ಕಾರಣವನ್ನು ವೈದ್ಯರು ಬಲ್ಲರು. ಹೂಳಿದ ಜಾಗವನ್ನು ಅಂತ್ಯಸಂಸ್ಕಾರದವರು ಬಲ್ಲರು. ವಂಶಾವಳಿಗೆ ಬೇಕಾದ ಹುಟ್ಟೂರು, ತಂದೆ, ತಾಯಿ ಈ ಮೂರನ್ನು ಹೇಳಿದವರು ಮೂರನೆಯವರು. ಅವರ ಹೆಸರು ‘ಮಾಹಿತಿದಾರ’ ಎಂಬ ಸಾಲಿನಲ್ಲಿ, ‘ನನಗೆ ತಿಳಿದಮಟ್ಟಿಗೆ ಮೇಲಿನದು ನಿಜ’ ಎಂಬ ಅರ್ಥದ ಅಚ್ಚಿನ ಒಕ್ಕಣೆಯ ಕೆಳಗಿರುತ್ತದೆ. ಅವರು ಹೆಂಡತಿಯಾಗಿರಬಹುದು, ಅಮೆರಿಕದಲ್ಲೇ ಹುಟ್ಟಿದ ಮಗನಾಗಿರಬಹುದು, ಅಳಿಯನಾಗಿರಬಹುದು. ಗಣಿ ಕಾರ್ಮಿಕರ ವಸತಿಯಲ್ಲಿ ಪಕ್ಕದ ಮಂಚದಲ್ಲಿ ಮಲಗುತ್ತಿದ್ದ ಜೊತೆಗಾರನೂ ಆಗಿರಬಹುದು. ಅಜ್ಜಿಯ ತವರಿನ ಹೆಸರನ್ನು ಇವರೆಲ್ಲ ಒಂದೇ ಸಮ ಬಲ್ಲರೆಂದು ನಂಬಲಾಗದು.

ಹುಟ್ಟಿದ ಸ್ಥಳದ ಅಂಕಣದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅಲ್ಲಿ ಅಚ್ಚಾಗಿದ್ದ ಸೂಚನೆ ‘ರಾಜ್ಯ ಅಥವಾ ದೇಶ’ ಎಂದಷ್ಟೇ. ಹಾಗಾಗಿ ಊರು ಗೊತ್ತಿದ್ದವರೂ ಊರನ್ನು ಹೇಳಲಿಲ್ಲ, ಕೇಳಿದಷ್ಟಕ್ಕೆ ಉತ್ತರ ಕೊಟ್ಟರು. ಸಾವಿರಾರು ಹಾಳೆಗಳಲ್ಲಿ ‘ಇಟಲಿ’, ‘ಆಸ್ಟ್ರಿಯಾ’, ‘ರಷ್ಯಾ’ ಎಂಬ ಒಂದೇ ಪದ ನಿಂತಿರುವುದು ನಮೂನೆ ಸಿದ್ಧಪಡಿಸಿದವರ ಆಯ್ಕೆಯಿಂದ. ಅದನ್ನು ಕುಟುಂಬದ ಮರೆವು ಎಂದು ತಿಳಿಯುವುದು ತಪ್ಪು.

ಕಚೇರಿಯ ಕಪಾಟಿನಿಂದ ಪರದೆಗೆ

ಅಮೆರಿಕದಲ್ಲಿ ಜನನ ಮರಣಗಳ ನೋಂದಣಿ ಕೇಂದ್ರ ಸರ್ಕಾರದ ಕೆಲಸವಲ್ಲ, ರಾಜ್ಯಗಳದು. ಮ್ಯಾಸಚುಸೆಟ್ಸ್ 1840ರ ದಶಕದಲ್ಲೇ ಆರಂಭಿಸಿತು. ಮರಣ ನೋಂದಣಿ ತೃಪ್ತಿಕರವಾಗಿರುವ ರಾಜ್ಯಗಳನ್ನೂ ನಗರಗಳನ್ನೂ ಒಟ್ಟುಗೂಡಿಸಿ ‘ನೋಂದಣಿ ಪ್ರದೇಶ’ವೆಂದು ಗುರುತಿಸುವ ಪದ್ಧತಿ 1880ರಲ್ಲಿ ಬಂತು. ಎಲ್ಲ ರಾಜ್ಯಗಳೂ ಅದರೊಳಗೆ ಸೇರಲು 1933ರವರೆಗೆ ಕಾಯಬೇಕಾಯಿತು. ಕೊನೆಗೆ ಬಂದದ್ದು ಟೆಕ್ಸಾಸ್. ಅಂದರೆ ಯಾವ ರಾಜ್ಯದಲ್ಲಿ, ಯಾವ ವರ್ಷ ಸತ್ತರು ಎಂಬುದರ ಮೇಲೆ ದಾಖಲೆ ಇದೆಯೋ ಇಲ್ಲವೋ ಎಂಬುದು ನಿಂತಿದೆ. ಹುಡುಕುವವರು ಮೊದಲು ತಿಳಿಯಬೇಕಾದದ್ದು ಆ ರಾಜ್ಯದ ನೋಂದಣಿಯ ಇತಿಹಾಸವನ್ನು.

ಈ ಕಾಗದಗಳನ್ನು ಜನರ ಕೈಗೆ ತಂದದ್ದರಲ್ಲಿ ದೊಡ್ಡ ಪಾಲು ಒಂದು ಧಾರ್ಮಿಕ ಸಂಸ್ಥೆಯದು. ಮಾರ್ಮನ್ನರೆಂದು ಹೆಸರಾದ ಪಂಥದವರು ಮಡಿದ ಪೂರ್ವಜರ ಪರವಾಗಿಯೂ ದೀಕ್ಷೆಯ ವಿಧಿ ನಡೆಸುತ್ತಾರೆ; ಅದಕ್ಕೆ ಪೂರ್ವಜರ ಹೆಸರುಗಳು ಬೇಕು. 1894ರಲ್ಲಿ ಅವರು ಯೂಟಾದಲ್ಲಿ ವಂಶಾವಳಿ ಸಂಘ ಕಟ್ಟಿದರು, 1938ರಲ್ಲಿ ಲೋಕದ ನಾನಾ ದೇಶಗಳ ದಾಖಲೆಗಳನ್ನು ಮೈಕ್ರೋಫಿಲ್ಮ್ ಮಾಡಲು ತೊಡಗಿದರು, 1999ರಲ್ಲಿ ಫ್ಯಾಮಿಲಿಸರ್ಚ್ ತಾಣ ತೆರೆದರು. ಇಪ್ಪತ್ತನಾಲ್ಕು ಲಕ್ಷದಷ್ಟು ಫಿಲ್ಮ್ ಸುರುಳಿಗಳನ್ನು ಡಿಜಿಟಲ್ ರೂಪಕ್ಕೆ ತರುವ ಕೆಲಸ 2021ರಲ್ಲಿ ಮುಗಿಯಿತು. ಯಾವ ಮತದವರೇ ಆಗಲಿ, ಉಚಿತವಾಗಿ ನೋಡಬಹುದು. ಇಂಥ ಬೃಹತ್ ಕೆಲಸವನ್ನು ಮನಸಾರೆ ಮೆಚ್ಚಬೇಕು.

ಸರ್ಕಾರಗಳೂ ಹಿಂದೆ ಬಿದ್ದಿಲ್ಲ. ಮಿಸೌರಿ ರಾಜ್ಯ 1910ರಿಂದೀಚೆಗಿನ, ಐವತ್ತು ವರ್ಷ ದಾಟಿದ ಮರಣ ಪತ್ರಗಳ ಚಿತ್ರಗಳನ್ನೇ ಉಚಿತವಾಗಿ ತೆರೆದಿಟ್ಟಿದೆ. ನ್ಯೂಯಾರ್ಕ್ ನಗರದ ಪತ್ರಾಗಾರ 2022ರಲ್ಲಿ ತೊಂಬತ್ತು ಲಕ್ಷಕ್ಕೂ ಹೆಚ್ಚು ಜನನ, ಮದುವೆ, ಮರಣ ಪತ್ರಗಳನ್ನು ಅಂತರ್ಜಾಲಕ್ಕೆ ಹಾಕಿತು. ಕ್ಯಾಲಿಫೋರ್ನಿಯಾದ 1940ರಿಂದ 1997ರವರೆಗಿನ ಮರಣ ಸೂಚಿಯಲ್ಲಿ ತಾಯಿಯ ತವರಿನ ಹೆಸರೂ ಇದೆ. ಸಮಾಧಿಕಲ್ಲುಗಳ ಫೋಟೋ ಕೂಡಿಡುವ ಫೈಂಡ್ ಎ ಗ್ರೇವ್ 1995ರಲ್ಲಿ ಒಬ್ಬನ ಹವ್ಯಾಸವಾಗಿ ಹುಟ್ಟಿ, 2013ರಲ್ಲಿ ಆ್ಯನ್ಸೆಸ್ಟ್ರಿ ಕಂಪನಿಯ ಕೈಸೇರಿತು.

ಇವೆಲ್ಲಕ್ಕಿಂತ ಭಿನ್ನವಾದದ್ದು ಸೋಷಿಯಲ್ ಸೆಕ್ಯುರಿಟಿ ಮರಣ ಸೂಚಿ. 1935ರ ಕಾಯಿದೆಯಂತೆ ದುಡಿಯುವವರಿಗೆ ಒಂದು ಸಂಖ್ಯೆ ಸಿಕ್ಕಿತು. ಅವರು ಸತ್ತಾಗ ಆ ಸಂಖ್ಯೆಯ ಮುಂದೆ ದಿನಾಂಕ ಬಿತ್ತು. ಸೂಚಿಯಲ್ಲಿರುವುದು ಅಷ್ಟೇ, ತೀರ ಒಣ ವಿವರ. ಆದರೆ ಆ ಸಂಖ್ಯೆ ಹಿಡಿದು ಹೋದರೆ ಎಸ್‌ಎಸ್-5 ಎಂಬ ಅರ್ಜಿ ಸಿಗುತ್ತದೆ. ಅದರಲ್ಲಿ ಹುಟ್ಟಿದ ಸ್ಥಳ, ತಂದೆಯ ಹೆಸರು, ಮದುವೆಗೆ ಮುಂಚಿನ ತಾಯಿಯ ಹೆಸರು ಇವೆ, ಮತ್ತು ಅವನ್ನು ಕೊಟ್ಟವರು ಸತ್ತ ವ್ಯಕ್ತಿಯೇ, ಬದುಕಿದ್ದಾಗ. ಮಗನೋ ಅಳಿಯನೋ ನೆನಪಿನಿಂದ ಹೇಳಿದ್ದಕ್ಕೂ ವಲಸಿಗ ತಾನೇ ಹೇಳಿದ್ದಕ್ಕೂ ಇರುವ ಅಂತರ ದೊಡ್ಡದು. ಇಂಥ ದಾಖಲೆಯತ್ತ ದಾರಿ ತೋರಿಸುವುದೇ ಮರಣ ಸೂಚಿಯ ನಿಜವಾದ ಉಪಕಾರ.

ದಾಖಲೆ ಎಡವುವ ಕಡೆಗಳು

ಮೊದಲ ಎಡವು ದೇಶದ ಹೆಸರಿನಲ್ಲಿ. ಮೊದಲ ಮಹಾಯುದ್ಧ ಮುಗಿಯುವ ತನಕ ಪೋಲೆಂಡ್ ಎಂಬ ದೇಶ ನಕ್ಷೆಯಲ್ಲಿರಲಿಲ್ಲ. ಅದರ ನೆಲ ರಷ್ಯಾ, ಜರ್ಮನಿ, ಆಸ್ಟ್ರಿಯಾಗಳ ನಡುವೆ ಹಂಚಿಹೋಗಿತ್ತು. ಒಂದೇ ಮನೆಯ ಅಣ್ಣ 1912ರಲ್ಲಿ ಸತ್ತರೆ ಹುಟ್ಟಿದ್ದು ‘ಆಸ್ಟ್ರಿಯಾ’ ಎಂದೂ, ತಮ್ಮ 1935ರಲ್ಲಿ ಸತ್ತರೆ ‘ಪೋಲೆಂಡ್’ ಎಂದೂ ದಾಖಲಾಗಬಹುದು. ಎರಡೂ ಸರಿಯೇ. ದಾಖಲೆ ಬರೆದ ದಿನ ನಕ್ಷೆ ಹೇಗಿತ್ತೆಂದು ತಿಳಿಯದೆ ಓದಿದವರು ಮಾತ್ರ ಇಬ್ಬರನ್ನೂ ಬೇರೆ ಬೇರೆ ಮನೆಯವರೆಂದು ಬಗೆದು ದಾರಿ ತಪ್ಪುತ್ತಾರೆ.

ಎರಡನೆಯದು ಹೆಸರಿನಲ್ಲಿ. ಎಲ್ಲಿಸ್ ಐಲೆಂಡಿನ ಅಧಿಕಾರಿಗಳು ಬಂದವರ ಹೆಸರನ್ನು ಮನಬಂದಂತೆ ಬದಲಿಸಿದರು ಎಂಬ ಮಾತು ಎಷ್ಟೋ ಅಮೆರಿಕನ್ ಮನೆಗಳಲ್ಲಿ ಈಗಲೂ ಓಡಾಡುತ್ತದೆ. ಅದು ನಿಜವಲ್ಲ. ಪ್ರಯಾಣಿಕರ ಪಟ್ಟಿ ತಯಾರಾಗುತ್ತಿದ್ದದ್ದು ಯೂರೋಪಿನ ಬಂದರಿನಲ್ಲಿ, ಹಡಗು ಕಂಪನಿಯವರ ಕೈಯಲ್ಲಿ. ಎಲ್ಲಿಸ್ ಐಲೆಂಡಿನವರು ಆ ಪಟ್ಟಿ ಹಿಡಿದು ವಿಚಾರಿಸುತ್ತಿದ್ದರು. ಹೆಸರು ಬದಲಾದದ್ದು ಆಮೇಲೆ, ಕಾರ್ಖಾನೆಯಲ್ಲಿ, ಶಾಲೆಯಲ್ಲಿ, ಬಹುಮಟ್ಟಿಗೆ ವಲಸಿಗರ ಸ್ವಂತ ಇಚ್ಛೆಯಿಂದ. ಹೀಗಾಗಿ ಮರಣ ಪತ್ರದಲ್ಲಿ ಒಂದು ಹೆಸರು, ಹಡಗಿನ ಪಟ್ಟಿಯಲ್ಲಿ ಇನ್ನೊಂದು. ಕಾಗುಣಿತ ಬೇರೆಯಾದರೂ ಉಚ್ಚಾರ ಹತ್ತಿರವಿರುವ ಹೆಸರುಗಳನ್ನು ಒಂದೇ ಗುಂಪಿಗೆ ತರುವ ಸೌಂಡೆಕ್ಸ್ ಎಂಬ ವಿಧಾನಕ್ಕೆ 1918ರಲ್ಲೇ ಪೇಟೆಂಟ್ ಸಿಕ್ಕಿತ್ತು. ಇಂದಿನ ಹುಡುಕು ಯಂತ್ರಗಳೂ ಆ ಜಾಣ್ಮೆಯನ್ನು ಬಳಸುತ್ತವೆ.

ಮೂರನೆಯದು ಸೂಚಿಯಲ್ಲಿ. ಹಳೆಯ ಕೈಬರಹವನ್ನು ಓದಿ ಟೈಪು ಮಾಡಿದವರು ಸ್ವಯಂಸೇವಕರು. ಸ್ಲೋವಾಕ್ ಹೆಸರನ್ನು ಐರಿಷ್ ಗುಮಾಸ್ತ ಕಿವಿಯಿಂದ ಕೇಳಿ ಬರೆದದ್ದನ್ನು ನೂರು ವರ್ಷದ ಮೇಲೆ ಇನ್ನೊಬ್ಬರು ಓದಿ ಟೈಪು ಮಾಡಿದರೆ ಎರಡು ಸಲ ತಪ್ಪಲು ಅವಕಾಶವಿದೆ. ಸೂಚಿಯಲ್ಲಿ ಸಿಕ್ಕಿದ್ದನ್ನು ಬರೆದುಕೊಂಡು ಸುಮ್ಮನಾಗಬಾರದು, ಮೂಲ ಹಾಳೆಯ ಚಿತ್ರವನ್ನು ತೆರೆದು ನೋಡಲೇಬೇಕು ಎಂಬ ನಿಯಮ ಹುಟ್ಟಿದ್ದು ಇದರಿಂದ.

ಇಷ್ಟು ದೋಷಗಳಿದ್ದರೂ ಮರಣ ಪತ್ರವನ್ನು ಕೈಬಿಡಲಾಗದು, ಏಕೆಂದರೆ ಮುಂದಿನ ಬಾಗಿಲುಗಳ ಕೀಲಿಗೊಂಚಲು ಅದೇ. ಹೂಳಿದ ಜಾಗದ ಸಾಲಿನಲ್ಲಿ ಒಂದು ಸ್ಲೋವಾಕ್ ಚರ್ಚಿನ ಸ್ಮಶಾನದ ಹೆಸರಿದ್ದರೆ ಆ ಚರ್ಚಿನ ಪುಸ್ತಕ ಹುಡುಕಬೇಕು. ಸರ್ಕಾರದ ನಮೂನೆ ಕೇಳದೆ ಬಿಟ್ಟ ಹಳ್ಳಿಯ ಹೆಸರನ್ನು ಅದೇ ಭಾಷೆಯ ಪಾದ್ರಿ ಬರೆದಿಟ್ಟಿರುವುದುಂಟು. ವಲಸಿಗರು ಸಾವಿನ ಖರ್ಚಿಗೆಂದು ಕಟ್ಟಿಕೊಂಡ ಪರಸ್ಪರ ಸಹಾಯ ಸಂಘಗಳಿದ್ದವು; 1880ರ ಪೋಲಿಷ್ ನ್ಯಾಷನಲ್ ಅಲೈಯನ್ಸ್, 1890ರ ನ್ಯಾಷನಲ್ ಸ್ಲೋವಾಕ್ ಸೊಸೈಟಿ ಅಂಥವು. ಸದಸ್ಯ ಸತ್ತಾಗ ವಿಮೆಯ ಹಣ ಯಾರಿಗೆ ಸಲ್ಲಬೇಕೆಂದು ಬರೆದ ಕಾಗದದಲ್ಲಿ ಕೆಲವೊಮ್ಮೆ ಸಮುದ್ರದಾಚೆಯ ಹೆಂಡತಿಯ ವಿಳಾಸವೇ ಸಿಕ್ಕೀತು. ಸತ್ತವರ ವಯಸ್ಸಿನಿಂದ ಪೌರತ್ವದ ಅರ್ಜಿಗೆ ಹೋಗಬಹುದು. 1906ರ ಕಾನೂನಿನ ನಂತರದ ಅರ್ಜಿಗಳಲ್ಲಿ ಹುಟ್ಟಿದ ಊರು, ಬಂದ ಹಡಗು ಎರಡೂ ಇರುತ್ತವೆ. ಅಲ್ಲಿಂದ ಹಡಗಿನ ಪಟ್ಟಿ. 1907ರಿಂದೀಚೆಗಿನ ಪಟ್ಟಿಯಲ್ಲಿ ಊರಿನಲ್ಲಿ ಬಿಟ್ಟುಬಂದ ಹತ್ತಿರದ ಬಂಧುವಿನ ಹೆಸರಿದೆ.

ಗುರುತು ಸಿಗದ ಆರು ಮಂದಿ

ಹೀಗೆ ದಾಖಲೆಗೆ ದಾಖಲೆ ತಾಳೆ ನೋಡುವುದರಿಂದ ಏನಾಗಬಲ್ಲದು ಎಂಬುದಕ್ಕೆ ನ್ಯೂಯಾರ್ಕಿನ ಒಂದು ನಿದರ್ಶನ ಸಾಕು. 1911ರ ಮಾರ್ಚ್ 25ರಂದು ಟ್ರಯಾಂಗಲ್ ಉಡುಪು ಕಾರ್ಖಾನೆಗೆ ಬೆಂಕಿ ಬಿದ್ದು 146 ಮಂದಿ ಸತ್ತರು. ಹೆಚ್ಚಿನವರು ಯಹೂದಿ ಮತ್ತು ಇಟಾಲಿಯನ್ ವಲಸೆ ಕುಟುಂಬಗಳ ಎಳೆಯ ಹೆಣ್ಣುಮಕ್ಕಳು. ಅವರಲ್ಲಿ ಆರು ದೇಹಗಳ ಗುರುತು ಹತ್ತಲಿಲ್ಲ. ಬ್ರೂಕ್ಲಿನ್ನಿನ ಎವರ್‌ಗ್ರೀನ್ಸ್ ಸ್ಮಶಾನದಲ್ಲಿ ಹೆಸರಿಲ್ಲದೆಯೇ ಅವರನ್ನು ಹೂಳಿದರು.

ಒಂದು ಶತಮಾನದುದ್ದಕ್ಕೂ ಅವರು ಅನಾಮಧೇಯರಾಗಿಯೇ ಉಳಿದರು. ಮೈಕೆಲ್ ಹರ್ಶ್ ಎಂಬ ಸಂಶೋಧಕ ಆ ಕಾಲದ ಪತ್ರಿಕೆಗಳನ್ನು, ವಲಸಿಗರ ಭಾಷೆಗಳ ಪತ್ರಿಕೆಗಳನ್ನೂ ಸೇರಿಸಿ, ಒಂದೊಂದಾಗಿ ಓದಿದರು; ಅಲ್ಲಿ ಸಿಕ್ಕ ಹೆಸರುಗಳನ್ನು ಜನಗಣತಿ, ಮರಣ ಪತ್ರ, ಹೂಳಿದ ದಾಖಲೆಗಳ ಜೊತೆ ತಾಳೆ ನೋಡಿದರು. 2011ರಲ್ಲಿ, ಬೆಂಕಿಯ ಶತಮಾನೋತ್ಸವದ ಹೊತ್ತಿಗೆ, ಆರೂ ಮಂದಿಗೆ ಹೆಸರು ದಕ್ಕಿತು. ಹರ್ಶ್ ಅವರಿಗೆ ಹೊಸದಾಗಿ ಯಾವ ಗುಪ್ತ ಕಡತವೂ ಸಿಕ್ಕಿರಲಿಲ್ಲ. ಎಲ್ಲ ಕಾಗದಗಳೂ ಮೊದಲಿನಿಂದ ಇದ್ದವು, ಅವನ್ನು ಒಟ್ಟಿಗೆ ಇಟ್ಟು ಓದಿದವರು ಇರಲಿಲ್ಲ. ವಂಶಾವಳಿ ಹುಡುಕಾಟವೆಂದರೆ ಹೊತ್ತುಹೋಗದ ನಿವೃತ್ತರ ಹವ್ಯಾಸ ಎಂದು ಹಗುರವಾಗಿ ಕಾಣುವವರು ಈ ಪ್ರಸಂಗವನ್ನು ನೆನೆಯಬೇಕು.

ಭಾರತದಿಂದ ಹೋದವರು

ಅಮೆರಿಕಕ್ಕೆ ಹೋದ ಮೊದಲ ಭಾರತೀಯರ ವಿಷಯದಲ್ಲಿ ದಾಖಲೆ ಇನ್ನಷ್ಟು ಕುರುಡು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಹೊಲಗಳಿಗೆ ಪಂಜಾಬಿನ ಗಂಡಸರು ಹೋದರು. 1917ರ ಕಾನೂನು ಏಷ್ಯಾದ ಬಹುಭಾಗದಿಂದ ವಲಸೆಯನ್ನೇ ನಿಷೇಧಿಸಿತು. ಊರಿನಿಂದ ಹೆಂಡತಿಯನ್ನು ಕರೆಸಿಕೊಳ್ಳುವ ದಾರಿಯೂ ಮುಚ್ಚಿತು. ಅಲ್ಲೇ ನೆಲೆ ನಿಂತ ಹಲವರು ಮೆಕ್ಸಿಕನ್ ಮೂಲದ ಹೆಂಗಸರನ್ನು ಮದುವೆಯಾದರು. ಈ ಕುಟುಂಬಗಳ ಕಥೆಯನ್ನು ಕರೆನ್ ಲೆನರ್ಡ್ 1992ರ ತಮ್ಮ ಪುಸ್ತಕದಲ್ಲಿ ಕೌಂಟಿ ಕಚೇರಿಗಳ ದಾಖಲೆಗಳಿಂದಲೂ ಸಂದರ್ಶನಗಳಿಂದಲೂ ಕಟ್ಟಿಕೊಟ್ಟಿದ್ದಾರೆ. ಅಂದಿನ ಅಮೆರಿಕದ ಕಡತಗಳಲ್ಲಿ ಭಾರತದಿಂದ ಬಂದವರೆಲ್ಲ, ಸಿಖ್ಖರೂ ಮುಸ್ಲಿಮರೂ ಸೇರಿ, ‘ಹಿಂದೂ’ ಜನಾಂಗದವರು. 1920ರಿಂದ 1940ರವರೆಗಿನ ಜನಗಣತಿಗಳು ಈ ಹೆಸರನ್ನೇ ಬಳಸಿದವು. ಮರಣ ಸೂಚಿಯಲ್ಲಿ ಸಿಂಗ್ ಎಂಬ ಹೆಸರು ಸಾಲುಗಟ್ಟಿ ನಿಂತಿರುತ್ತದೆ, ಹುಟ್ಟಿದ ಸ್ಥಳ ‘ಭಾರತ’. ಜಲಂಧರದ ಯಾವ ಹಳ್ಳಿಯೆಂಬುದನ್ನು ಆ ಹಾಳೆಯಿಂದ ತಿಳಿಯುವುದು ಹೆಚ್ಚುಕಡಿಮೆ ಅಸಾಧ್ಯ.

ದಕ್ಷಿಣ ಆಫ್ರಿಕದ ನೇಟಾಲ್ ಇದಕ್ಕೆ ತದ್ವಿರುದ್ಧ. 1860ರ ನವೆಂಬರ್ 16ರಂದು ಮದರಾಸಿನಿಂದ ಹೊರಟ ಟ್ರೂರೊ ಹಡಗು ಡರ್ಬನ್ ಮುಟ್ಟಿತು. 1911ರ ವೇಳೆಗೆ ಕರಾರು ಕೂಲಿಗಳಾಗಿ ಹೋದವರು 1,52,184 ಮಂದಿ. ಕೂಲಿಯನ್ನು ಕಟ್ಟಿಹಾಕಲೆಂದೇ ಅಲ್ಲಿನ ಆಡಳಿತ ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಕೊಟ್ಟು, ಹಡಗಿನ ಪಟ್ಟಿಯಲ್ಲಿ ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ತಾಲ್ಲೂಕು, ಹಳ್ಳಿ, ಮೈಮೇಲಿನ ಗುರುತು ಎಲ್ಲವನ್ನೂ ಬರೆಸಿತು. ಆ ಪಟ್ಟಿಗಳು ಈಗ ಅಂತರ್ಜಾಲದಲ್ಲಿವೆ; ಜಿಲ್ಲೆಯ ಅಂಕಣದಲ್ಲಿ ಮೈಸೂರು, ಬೆಂಗಳೂರು ಎಂಬ ಹೆಸರುಗಳೂ ಕಣ್ಣಿಗೆ ಬೀಳುತ್ತವೆ. ಸತ್ತವರ ಆಸ್ತಿ ಹಂಚಿಕೆಗೆಂದು ದಕ್ಷಿಣ ಆಫ್ರಿಕದಲ್ಲಿ ತುಂಬುವ ‘ಡೆತ್ ನೋಟಿಸ್’ನಲ್ಲಿ ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳೆಲ್ಲರ ಹೆಸರು ಬರುತ್ತದೆ. ಮರಣದ ಕಾಗದದಲ್ಲಿ ಆ ಹಳೆಯ ಕೂಲಿ ಸಂಖ್ಯೆ ಸಿಕ್ಕರೆ ಸಾಕು, ಡರ್ಬನ್ನಿನ ಮರಿಮಗಳು ನೇರ ತನ್ನ ಹಳ್ಳಿಗೆ ಬಂದು ನಿಲ್ಲಬಹುದು. ಕೂಲಿಗಳನ್ನು ಅಂಕೆಯಲ್ಲಿಡಲು ಹುಟ್ಟಿದ ಕಡತವೇ ಇಂದು ಅವರ ಮಕ್ಕಳಿಗೆ ಊರನ್ನು ಮರಳಿ ಕೊಡುತ್ತಿದೆ.

ಕನ್ನಡಿಗರ ಮುಂದಿರುವ ಕೆಲಸ

ಕನ್ನಡಿಗರು ಅಮೆರಿಕಕ್ಕೆ ದೊಡ್ಡ ಸಂಖ್ಯೆಯಲ್ಲಿ ಹೋದದ್ದು 1965ರ ವಲಸೆ ಕಾನೂನಿನ ಮೇಲೆ. ಆ ಮೊದಲ ತಲೆಮಾರು ಈಗ ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದೆ. ಅವರ ಮರಣ ಪತ್ರಗಳಿಗೆ ವಿವರ ಕೊಡುತ್ತಿರುವವರು ಅಲ್ಲೇ ಹುಟ್ಟಿ ಬೆಳೆದ ಮಕ್ಕಳು. ಪೆನ್ಸಿಲ್ವೇನಿಯಾದ ಗಣಿ ಸೀಮೆಯಲ್ಲಿ ಆದದ್ದೇ ಇಲ್ಲೂ ಆಗಬಹುದು.

ಅದಕ್ಕೆ ನಮ್ಮ ಹೆಸರಿನ ಪದ್ಧತಿಯೂ ಒಂದು ಕಾರಣ. ಹಳೆಯ ಮೈಸೂರು ಸೀಮೆಯಲ್ಲಿ ಊರು, ತಂದೆ, ಕೊನೆಗೆ ಸ್ವಂತ ಹೆಸರು: ಕುಪ್ಪಳ್ಳಿ ವೆಂಕಟಪ್ಪ ಪುಟ್ಟಪ್ಪ. ಉತ್ತರ ಕರ್ನಾಟಕದಲ್ಲಿ ಸ್ವಂತ ಹೆಸರು, ತಂದೆ, ಕೊನೆಗೆ ಮನೆತನ: ದತ್ತಾತ್ರೇಯ ರಾಮಚಂದ್ರ ಬೇಂದ್ರೆ. ಎರಡೂ ಇನಿಷಿಯಲ್‌ಗಳಾಗಿ ಕುಗ್ಗಿದಾಗ ಊರು ಯಾವುದು, ತಂದೆ ಯಾರು ಎಂಬುದು ಒಂದಕ್ಷರದೊಳಗೆ ಮುಚ್ಚಿಹೋಗುತ್ತದೆ. ಅಮೆರಿಕದ ನಮೂನೆ ಮಾತ್ರ ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡೇ ಮನೆ ಬಲ್ಲದು. ಪುಟ್ಟಪ್ಪ ಎಂಬ ಸ್ವಂತ ಹೆಸರು ಅಲ್ಲಿ ಮನೆತನದ ಹೆಸರಾಗಿ ಮಕ್ಕಳಿಗೆ ಅಂಟುತ್ತದೆ, ಊರಿನ ಹೆಸರು ಉದುರಿಹೋಗುತ್ತದೆ.

ಇತ್ತ ಕರ್ನಾಟಕದಲ್ಲಿ ಹುಡುಕಲು ಏನಿದೆ? ಜನನ ಮರಣ ನೋಂದಣಿಯ 1969ರ ಕಾಯಿದೆ ಬರುವ ಮುಂಚಿನ ಹಳ್ಳಿಗಳ ನೋಂದಣಿಯನ್ನು ಹೆಚ್ಚು ನೆಚ್ಚಿಕೊಳ್ಳುವಂತಿಲ್ಲ. ಆದರೆ ನಮ್ಮಲ್ಲಿ ಸಾವು ಇನ್ನೊಂದು ಕಡತದಲ್ಲಿ ಬಿಗಿಯಾಗಿ ದಾಖಲಾಗಿದೆ: ಜಮೀನಿನದು. ಯಜಮಾನ ತೀರಿಕೊಂಡಾಗ ವಾರಸುದಾರರ ಹೆಸರಿಗೆ ಪೌತಿ ಖಾತೆ ಆಗಬೇಕು; ಅದಕ್ಕೆ ವಂಶವೃಕ್ಷ ಕೊಡಬೇಕು. ಗ್ರಾಮ ಆಡಳಿತಾಧಿಕಾರಿಗಳು (ಹಿಂದಿನ ಗ್ರಾಮ ಲೆಕ್ಕಿಗರು) ಊರವರ ಹೇಳಿಕೆ ಪಡೆದು ಬರೆಯುವ ಆ ವಂಶವೃಕ್ಷಕ್ಕೆ ಸಾಕ್ಷಿಯ ಬಲವಿದೆ, ಏಕೆಂದರೆ ಒಂದು ಹೆಸರು ಬಿಟ್ಟರೂ ಪಾಲಿಗೆ ತಕರಾರು ಬರುತ್ತದೆ. ಭೂಮಿ ತಂತ್ರಾಂಶ ಬಂದ ಮೇಲೆ ಪಹಣಿ ಮತ್ತು ಮ್ಯುಟೇಶನ್ ವಿವರಗಳನ್ನು ಎಲ್ಲಿ ಕುಳಿತಾದರೂ ನೋಡಬಹುದು. ಅದಕ್ಕೂ ಹಳೆಯದಕ್ಕೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೇ ಹೋಗಬೇಕು. ಜಮೀನಿಲ್ಲದವರಿಗೆ ಈ ದಾರಿ ಇಲ್ಲ ಎಂಬುದು ಇದರ ದೊಡ್ಡ ಕೊರತೆ. ಉತ್ತರ ಕರ್ನಾಟಕದ ಹಲವು ಮನೆತನಗಳಿಗೆ ಹೆಳವರು ತಲೆಮಾರುಗಳಿಂದ ವಂಶಾವಳಿ ಬರೆದು, ಸುಗ್ಗಿಯ ನಂತರ ಊರೂರಿಗೆ ಬಂದು ಓದಿಹೇಳುತ್ತ ಬಂದಿದ್ದಾರೆ. ಅವರ ಹೊತ್ತಿಗೆಗಳು ಯಾವ ಸರ್ಕಾರಿ ಕಡತಕ್ಕೂ ಕಡಿಮೆಯಲ್ಲ. ಅವು ಹಾಳಾಗುವ ಮುನ್ನ, ಅವರ ಒಪ್ಪಿಗೆ ಪಡೆದು, ಅವರಿಗೆ ತಕ್ಕ ಗೌರವಧನ ಕೊಟ್ಟು ಡಿಜಿಟಲ್ ಪ್ರತಿ ಮಾಡಿಡಬೇಕು.

ಎಷ್ಟು ತೆರೆಯಬೇಕು, ಯಾವಾಗ ತೆರೆಯಬೇಕು

ಮರಣ ದಾಖಲೆ ಸಾರ್ವಜನಿಕವಾಗುವುದಕ್ಕೆ ಇರುವ ಆಕ್ಷೇಪಗಳು ಹುರುಳಿಲ್ಲದವಲ್ಲ. ಸತ್ತವರ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಬಳಸಿ ವಂಚಿಸುವವರು ಹೆಚ್ಚಿದ್ದರಿಂದ, ಹೊಸ ಸಾವುಗಳ ವಿವರವನ್ನು ಮೂರು ವರ್ಷ ಎಲ್ಲರಿಗೂ ತೆರೆಯಬಾರದೆಂದು 2013ರ ಕಾನೂನು ತಡೆಯಿತು. ಸಾವಿನ ಕಾರಣದ ಸಾಲಿನಲ್ಲಿ ಆತ್ಮಹತ್ಯೆಯೋ ಕ್ಷಯವೋ ಮಾನಸಿಕ ಕಾಯಿಲೆಯೋ ಇದ್ದರೆ ಬದುಕಿರುವ ಮಕ್ಕಳಿಗೆ ನೋವಾಗುತ್ತದೆ. ನಾತ್ಸಿಗಳ ಕೈಯಲ್ಲಿ ಹತರಾದ ಯಹೂದಿಗಳ ಹೆಸರಿನಲ್ಲಿ ಮಾರ್ಮನ್ ಪಂಥದ ಕೆಲವರು ದೀಕ್ಷೆ ನಡೆಸಿದ್ದು ತಿಳಿದಾಗ ಯಹೂದಿ ಸಮುದಾಯ ನೊಂದಿತು. ಅದನ್ನು ನಿಲ್ಲಿಸುವುದಾಗಿ 1995ರಲ್ಲಿ ಒಪ್ಪಂದವಾಯಿತು. ಸತ್ತವರ ಹೆಸರಿನ ಮೇಲೆ ಹುಡುಕುವವರಿಗೆ ಹಕ್ಕಿರುವಂತೆ ಹೊಣೆಯೂ ಇದೆ.

ಹಾಗಿದ್ದರೂ ಐವತ್ತು ವರ್ಷ ಕಳೆದ ಮೇಲೆ ಮರಣ ದಾಖಲೆ ಎಲ್ಲರಿಗೂ, ಹಣವಿಲ್ಲದೆ, ಮೂಲ ಹಾಳೆಯ ಚಿತ್ರದೊಂದಿಗೆ ಸಿಗಬೇಕು ಎಂದೇ ನಾನು ವಾದಿಸುತ್ತೇನೆ. ಮಿಸೌರಿ ಇದನ್ನು ಮಾಡಿ ತೋರಿಸಿದೆ. ಶ್ರೀಮಂತರ ವಂಶಚರಿತ್ರೆ ಹೇಗೂ ಪುಸ್ತಕವಾಗುತ್ತದೆ, ಭಾವಚಿತ್ರವಾಗುತ್ತದೆ, ರಸ್ತೆಯ ಹೆಸರಾಗುತ್ತದೆ. ಗಣಿಯಲ್ಲಿ, ಹೊಲಿಗೆ ಕಾರ್ಖಾನೆಯಲ್ಲಿ, ಕಬ್ಬಿನ ತೋಟದಲ್ಲಿ ದುಡಿದು ಸತ್ತ ವಲಸಿಗರಿಗೆ ಆ ಒಂದು ಹಾಳೆಯ ಹೊರತು ಬೇರೆ ಚರಿತ್ರೆ ಇಲ್ಲ. ಅದಕ್ಕೂ ಚಂದಾ ಕಟ್ಟಿ ನೋಡಿ ಎನ್ನುವುದು ನ್ಯಾಯವಲ್ಲ.

ಮುಂದಿನ ದಾಖಲೆಯ ಗುಣ ನಮ್ಮ ಕೈಯಲ್ಲಿದೆ. ಮನೆಯ ಹಿರಿಯರ ಪೂರ್ಣ ಹೆಸರು, ಪ್ರತಿ ಇನಿಷಿಯಲ್ಲಿನ ವಿಸ್ತಾರ, ಹುಟ್ಟಿದ ಹಳ್ಳಿ, ತಾಲ್ಲೂಕು, ತಾಯಿಯ ತವರೂರು ಇಷ್ಟನ್ನು ಅವರನ್ನೇ ಕೇಳಿ ಇಂದೇ ಬರೆದಿಡೋಣ. ಮರಣ ಪತ್ರದಲ್ಲಿ ಮಾಹಿತಿದಾರರಾಗಿ ಸಹಿ ಹಾಕುವ ದಿನ ಆ ಚೀಟಿ ಜೊತೆಗಿರಲಿ. ನಮೂನೆ ದೇಶವನ್ನಷ್ಟೇ ಕೇಳಿದರೂ ಜಾಗ ಇದ್ದಲ್ಲಿ ಊರನ್ನೂ ಬರೆಸೋಣ.